ವಿಶ್ವವಿದ್ಯಾಲಯಗಳ ಸಾರ್ವಜನಿಕ ಸಂಪರ್ಕ

ವಿಶ್ವವಿದ್ಯಾಲಯವು ತನ್ನ ಬೋಧನೆ, ಸಂಶೋಧನೆ, ಆಡಳಿತ ಮತ್ತು ಪ್ರವೇಶಾತಿಯ ವಿಚಾರಗಳನ್ನು ಆವರಣದ ಹೊರಗಿನ ಜನರಿಗೆ ತಿಳಿಸಲು, ಅವರಿಂದ ವಿದ್ಯಾರ್ಥಿಗಳನ್ನೂ ಹಣವನ್ನೂ ವಿಶ್ವಾಸವನ್ನೂ ಪಡೆಯಲು ನಡೆಸುವ ವ್ಯವಸ್ಥಿತ ಕೆಲಸಕ್ಕೆ ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕ ಎಂದು ಹೆಸರು. ಪತ್ರಿಕಾ ಪ್ರಕಟಣೆ, ಜಾಹೀರಾತು, ಪ್ರಚಾರೋಪನ್ಯಾಸ, ಪುಸ್ತಕ ಪ್ರಕಟಣೆ, ಬಾನುಲಿ, ವೆಬ್‌ಸೈಟ್, ಹಳೆಯ ವಿದ್ಯಾರ್ಥಿಗಳ ಒಡನಾಟ, ಬಿಕ್ಕಟ್ಟಿನ ಕಾಲದ ಹೇಳಿಕೆ ಎಲ್ಲವೂ ಇದರೊಳಗೆ ಬರುತ್ತವೆ.

ವ್ಯಾಪ್ತಿ ಮತ್ತು ಪರಿಭಾಷೆ

ಈ ಕ್ಷೇತ್ರದಲ್ಲಿ ನಾಲ್ಕು ಪದಗಳು ಪದೇ ಪದೇ ಒಂದರ ಬದಲು ಇನ್ನೊಂದು ಬಳಕೆಯಾಗುತ್ತವೆ. ಈ ಲೇಖನದಲ್ಲಿ ಅವನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಲಾಗಿದೆ. ಸಂಸ್ಥೆಯ ಒಳಗೂ ಹೊರಗೂ ನಡೆಯುವ ಎಲ್ಲ ಮಾಹಿತಿ ವಿನಿಮಯ ಸಂವಹನ. ಅದರಲ್ಲಿ ಪತ್ರಿಕೆ, ಬಾನುಲಿ, ದೂರದರ್ಶನ, ಡಿಜಿಟಲ್ ಸುದ್ದಿತಾಣಗಳ ವರದಿಗಾರರೊಡನೆ ನಡೆಯುವ ವ್ಯವಹಾರ ಮಾಧ್ಯಮ ಸಂಪರ್ಕ. ವಿದ್ಯಾರ್ಥಿಗಳನ್ನು, ದಾನಿಗಳನ್ನು, ಉದ್ಯಮಗಳನ್ನು ಸೆಳೆಯುವ ಉದ್ದೇಶದಿಂದ ಯೋಜನೆ ಹಾಕಿ, ಹಣ ಹೂಡಿ ಮಾಡುವ ಕೆಲಸ ಮಾರ್ಕೆಟಿಂಗ್. ಏನನ್ನೂ ಮಾರದೆ, ವಿಶ್ವವಿದ್ಯಾಲಯದ ಅರಿವನ್ನು ಅಲ್ಲಿಗೆ ಎಂದೂ ಬಂದು ಸೇರದ ಜನರ ಬಳಿಗೆ ಒಯ್ಯುವುದು ವಿಸ್ತರಣೆ. ಭಾರತದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ವಿಸ್ತರಣೆ ಮೊದಲು ಬಂದಿತು, ಮಾರ್ಕೆಟಿಂಗ್ ಬಹಳ ತಡವಾಗಿ ಬಂದಿತು. ಈ ಹಿಂದುಮುಂದು ತಿಳಿಯದಿದ್ದರೆ ಇಲ್ಲಿನ ಸಂಪರ್ಕ ಕಚೇರಿಗಳ ಇಂದಿನ ಸ್ವರೂಪ ಅರ್ಥವಾಗುವುದಿಲ್ಲ.

ಹುಟ್ಟು

ವಿದ್ಯಾಸಂಸ್ಥೆಗಾಗಿ ಹಣ ಕೇಳುವ ಮುದ್ರಿತ ಬರಹಕ್ಕೆ ಹಳೆಯ ಉದಾಹರಣೆಯಾಗಿ ಹಾರ್ವರ್ಡ್ ಕಾಲೇಜಿನ ಪರವಾಗಿ 1643ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ನ್ಯೂ ಇಂಗ್ಲೆಂಡ್ಸ್ ಫಸ್ಟ್ ಫ್ರೂಟ್ಸ್’ ಎಂಬ ಕಿರುಹೊತ್ತಗೆಯನ್ನು ಹೆಸರಿಸುತ್ತಾರೆ. ಆದರೆ ಇದಕ್ಕೆಂದೇ ಕಚೇರಿ, ನೌಕರರು, ದಿನನಿತ್ಯದ ಕ್ರಮ ಎಂದು ಏರ್ಪಟ್ಟದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕದಲ್ಲಿ. 1900ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾದ ಪಬ್ಲಿಸಿಟಿ ಬ್ಯೂರೊ ಎಂಬ ಪ್ರಚಾರ ಸಂಸ್ಥೆಯ ಮೊದಲ ಗಿರಾಕಿಗಳಲ್ಲಿ ಹಾರ್ವರ್ಡ್ ಒಂದು. 1904ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವಿಲ್ಲರ್ಡ್ ಬ್ಲೇಯರ್ ಅಲ್ಲಿನ ಸಂಶೋಧನೆಗಳ ಸಾರವನ್ನು ಸರಳ ಭಾಷೆಯಲ್ಲಿ ಬರೆದು ರಾಜ್ಯದ ಪತ್ರಿಕೆಗಳಿಗೆ ಕಳಿಸುವ ಏರ್ಪಾಡು ಮಾಡಿದರು. ತೆರಿಗೆ ಕೊಡುವ ರೈತನಿಗೆ ವಿಶ್ವವಿದ್ಯಾಲಯದ ಫಲ ಸಿಗಬೇಕು ಎಂಬ ಅಧ್ಯಕ್ಷ ಚಾರ್ಲ್ಸ್ ವ್ಯಾನ್ ಹೈಸ್ ಅವರ ನಿಲುವು ಇದರ ಬೆನ್ನಿಗಿತ್ತು. ಇಂತಹ ಸುದ್ದಿ ವಿಭಾಗಗಳವರು 1917ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅದರ ಉತ್ತರಾಧಿಕಾರಿ ಸಂಸ್ಥೆಯು 1974ರಲ್ಲಿ ಅಮೆರಿಕದ ಹಳೆಯ ವಿದ್ಯಾರ್ಥಿ ಸಂಘಗಳ ಮಂಡಳಿಯೊಡನೆ ಸೇರಿ ‘ಕೇಸ್’ ಎಂಬ ಸಂಸ್ಥೆಯಾಯಿತು. ಸುದ್ದಿ ಹಂಚುವವರೂ ದೇಣಿಗೆ ಎತ್ತುವವರೂ ಒಂದೇ ಸೂರಿನಡಿ ಬಂದದ್ದು ಆಗ.

ವಿಸ್ತರಣೆಯ ಬೇರು ಇಂಗ್ಲೆಂಡಿನಲ್ಲಿದೆ. ಜೇಮ್ಸ್ ಸ್ಟುವರ್ಟ್ ಅವರ ಪ್ರಯತ್ನದಿಂದ ಕೇಂಬ್ರಿಜ್ ವಿಶ್ವವಿದ್ಯಾಲಯ 1873ರಲ್ಲಿ ಕೈಗಾರಿಕಾ ಪಟ್ಟಣಗಳಲ್ಲಿ ಹೊರ ಉಪನ್ಯಾಸಗಳನ್ನು ಆರಂಭಿಸಿತು. ಪದವಿಯ ಆಸೆ ಇಲ್ಲದ ಕೆಲಸಗಾರರೂ ಮಹಿಳೆಯರೂ ಅವುಗಳ ಕೇಳುಗರಾಗಿದ್ದರು.

ಮಾರ್ಕೆಟಿಂಗ್ ಎಂಬ ಮಾತು ವಿಶ್ವವಿದ್ಯಾಲಯಗಳ ಆವರಣಕ್ಕೆ ಬಂದದ್ದು 1970ರ ದಶಕದಲ್ಲಿ. ವ್ಯಾಪಾರೇತರ ಸಂಸ್ಥೆಗಳಿಗೂ ಮಾರ್ಕೆಟಿಂಗ್ ತತ್ತ್ವಗಳು ಅನ್ವಯಿಸುತ್ತವೆ ಎಂದು ಫಿಲಿಪ್ ಕೋಟ್ಲರ್ ಮತ್ತು ಸಿಡ್ನಿ ಲೆವಿ 1969ರಲ್ಲಿ ವಾದಿಸಿದ್ದರು. ಕೋಟ್ಲರ್ ಮತ್ತು ಕ್ಯಾರನ್ ಫಾಕ್ಸ್ ಶಿಕ್ಷಣ ಸಂಸ್ಥೆಗಳಿಗೆಂದೇ ಬರೆದ ಪಠ್ಯ 1985ರಲ್ಲಿ ಹೊರಬಂದಿತು. ಇಂಗ್ಲೆಂಡಿನಲ್ಲಿ ಸರ್ಕಾರದ ಧೋರಣೆಯೇ ಇದನ್ನು ಅನಿವಾರ್ಯ ಮಾಡಿತು. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಇದ್ದ ಬೋಧನಾ ಶುಲ್ಕದ ಮಿತಿ 2006ರಲ್ಲಿ 3,000ಕ್ಕೂ 2012ರಲ್ಲಿ 9,000ಕ್ಕೂ ಏರಿತು. ಸಂಸ್ಥೆಯ ಆದಾಯ ಬಹುಪಾಲು ವಿದ್ಯಾರ್ಥಿಯ ಜೊತೆಗೇ ಬರುವಂತಾದಾಗ ಅವನನ್ನು ಕರೆತರುವ ವಿಭಾಗ ತಾನಾಗಿ ಬೆಳೆಯಿತು.

ಕರ್ನಾಟಕದಲ್ಲಿ: ಪ್ರಸಾರಾಂಗದ ಪರಂಪರೆ

1916ರ ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ತನ್ನ ಜನರೊಡನೆ ಮಾತನಾಡಲು ಕಂಡುಕೊಂಡ ದಾರಿ ಪತ್ರಿಕಾ ಪ್ರಕಟಣೆಯದಲ್ಲ, ಉಪನ್ಯಾಸ ಮತ್ತು ಪುಸ್ತಕದ್ದು. 1933ರಲ್ಲಿ ಪ್ರಕಟಣೆ ಮತ್ತು ಪ್ರಚಾರೋಪನ್ಯಾಸಗಳ ಕಾರ್ಯಕ್ರಮ ಆರಂಭವಾಯಿತು. ಬೋಧನೆಯೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಅಧ್ಯಾಪಕರು ಊರುಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯಗಳ ಬಗ್ಗೆ ಕನ್ನಡದಲ್ಲಿ ಮಾತನಾಡಿದರು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಕಿರುಪುಸ್ತಕಗಳಾಗಿ ಪ್ರಚಾರ ಪುಸ್ತಕಮಾಲೆಯಲ್ಲಿ ಬಂದವು. ಮುಂದೆ ಪ್ರಸಾರಾಂಗ ಎಂದು ಹೆಸರಾದದ್ದು ಈ ವಿಭಾಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಆರಂಭವಾಗಿದ್ದ ‘ಪ್ರಬುದ್ಧ ಕರ್ನಾಟಕ’ ತ್ರೈಮಾಸಿಕವನ್ನೂ ವಿಶ್ವವಿದ್ಯಾನಿಲಯ ವಹಿಸಿಕೊಂಡಿತು. 1946ರ ಇಂಗ್ಲಿಷ್–ಕನ್ನಡ ನಿಘಂಟು, 1969ರಲ್ಲಿ ಮೊದಲ ಸಂಪುಟ ಕಂಡ ಕನ್ನಡ ವಿಶ್ವಕೋಶ ಇದೇ ದೃಷ್ಟಿಯ ದೊಡ್ಡ ಫಲಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಹ ಪ್ರಸಾರಾಂಗಗಳನ್ನು ಕಟ್ಟಿಕೊಂಡವು. ಹಂಪಿಯಲ್ಲಿ ಅದು ವಿಶ್ವವಿದ್ಯಾಲಯದ ಮುಖ್ಯ ಮುಖವೇ ಆಯಿತು. ಘಟಿಕೋತ್ಸವ, ಸಮ್ಮೇಳನಗಳಲ್ಲಿ ರಿಯಾಯಿತಿ ದರದ ಪ್ರಸಾರಾಂಗದ ಮಳಿಗೆಯ ಮುಂದೆ ನೆರೆಯುವ ಓದುಗರಲ್ಲಿ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲದವರೇ ಹೆಚ್ಚು.

ಬಾನುಲಿಯ ಚರಿತ್ರೆಯಲ್ಲೂ ಮೈಸೂರಿನ ಅಧ್ಯಾಪಕರ ಹೆಸರಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಸಣ್ಣ ಪ್ರಸಾರ ಯಂತ್ರವೊಂದರ ನೆರವಿನಿಂದ ಬಾನುಲಿ ಕೇಂದ್ರ ಆರಂಭಿಸಿದರು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿಯ ಹೆಸರಾಯಿತು. ಇದು ವಿಶ್ವವಿದ್ಯಾನಿಲಯದ ಅಧಿಕೃತ ಯೋಜನೆಯಾಗಿರಲಿಲ್ಲ, ಒಬ್ಬ ಅಧ್ಯಾಪಕರ ಸ್ವಂತ ಸಾಹಸ. ಆದರೂ ತರಗತಿಯ ಹೊರಗಿನ ಕೇಳುಗರನ್ನು ಹುಡುಕಿಕೊಂಡು ಹೋದದ್ದರಲ್ಲಿ ಅದು ಪ್ರಚಾರೋಪನ್ಯಾಸಗಳ ಒಡಹುಟ್ಟೇ.

ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೋಧನೆ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣೆಯೂ ಮೂರನೆಯ ಶಾಸನಬದ್ಧ ಕರ್ತವ್ಯ. ಅದಕ್ಕೆ ಪ್ರತ್ಯೇಕ ನಿರ್ದೇಶನಾಲಯವಿರುತ್ತದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲೂ ಧಾರವಾಡದಲ್ಲೂ ಪ್ರತಿವರ್ಷ ನಡೆಯುವ ಕೃಷಿ ಮೇಳಗಳು ರಾಜ್ಯದ ವಿಶ್ವವಿದ್ಯಾಲಯಗಳ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಅತಿ ಹೆಚ್ಚು ಜನ ಸೇರುವಂಥವು. ಹೊಸ ತಳಿಯ ಬಿಡುಗಡೆಯನ್ನು ಮೇಳದ ವೇಳೆಗೆ ಹೊಂದಿಸುವುದು, ಬೆಳೆ ಪ್ರಾತ್ಯಕ್ಷಿಕೆಯ ತಾಕುಗಳನ್ನು ಅದೇ ದಿನಗಳಿಗೆ ತೆನೆ ಬರುವಂತೆ ಬಿತ್ತುವುದು, ಪ್ರಗತಿಪರ ರೈತರಿಗೆ ಪ್ರಶಸ್ತಿ ಕೊಡುವುದು ಎಲ್ಲಕ್ಕೂ ತಿಂಗಳುಗಟ್ಟಲೆ ತಯಾರಿ ಬೇಕು. ಇಲ್ಲಿ ವರದಿಗಾರನಿಗೆ ಕೊಡಬೇಕಾದ ಸುದ್ದಿ ಹೊಲದಲ್ಲೇ ನಿಂತಿರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಿಂದ ಸಮುದಾಯ ಬಾನುಲಿ ಕೇಂದ್ರವನ್ನೂ ನಡೆಸುತ್ತಿದೆ. ಶಿಕ್ಷಣ ಸಂಸ್ಥೆಗಳಿಗೆ ಇಂತಹ ಕೇಂದ್ರಗಳ ಪರವಾನಗಿ ಕೊಡಲು ಕೇಂದ್ರ ಸರ್ಕಾರ 2002ರಲ್ಲಿ ತೀರ್ಮಾನಿಸಿತ್ತು. ದೇಶದ ಮೊದಲ ಕೇಂದ್ರ 2004ರ ಫೆಬ್ರುವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು.

ಕಚೇರಿಯ ರಚನೆ

ಅಮೆರಿಕ ಮತ್ತು ಬ್ರಿಟನ್ನಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಂವಹನ ವಿಭಾಗದ ಮುಖ್ಯಸ್ಥರು ನೇರವಾಗಿ ಸಂಸ್ಥೆಯ ಅಧ್ಯಕ್ಷರಿಗೆ ಅಥವಾ ಅವರ ಉಪಾಧ್ಯಕ್ಷರಿಗೆ ವರದಿ ಮಾಡುತ್ತಾರೆ. ಅವರ ಕೆಳಗೆ ಸುದ್ದಿ, ವಿಜ್ಞಾನ ಬರವಣಿಗೆ, ವಿನ್ಯಾಸ, ಡಿಜಿಟಲ್, ಪ್ರವೇಶಾತಿ ಪ್ರಚಾರ, ಹಳೆಯ ವಿದ್ಯಾರ್ಥಿಗಳ ಸಂಪರ್ಕಕ್ಕೆ ಬೇರೆಬೇರೆ ತಂಡಗಳಿರುತ್ತವೆ.

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ವ್ಯವಸ್ಥೆ ಇದಕ್ಕಿಂತ ಸರಳ, ಆದರೆ ಚದುರಿದ್ದು. ಕುಲಾಧಿಪತಿಯಾಗಿ ರಾಜ್ಯಪಾಲರು, ಸಮಕುಲಾಧಿಪತಿಯಾಗಿ ಉನ್ನತ ಶಿಕ್ಷಣ ಸಚಿವರು, ಕಾರ್ಯನಿರ್ವಾಹಕ ಮುಖ್ಯಸ್ಥರಾಗಿ ಕುಲಪತಿ, ಆಡಳಿತ ಮತ್ತು ಮೌಲ್ಯಮಾಪನಕ್ಕೆ ಇಬ್ಬರು ಕುಲಸಚಿವರು ಎಂಬ ಚೌಕಟ್ಟಿನಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ, ಅಂದರೆ ಪಿಆರ್‌ಒ, ಸಾಮಾನ್ಯವಾಗಿ ಕುಲಪತಿಗಳ ಅಥವಾ ಕುಲಸಚಿವರ ಕಚೇರಿಗೆ ಅಂಟಿಕೊಂಡಿರುತ್ತಾರೆ. ಹಲವೆಡೆ ಈ ಹುದ್ದೆಗೆ ಕಾಯಂ ನೇಮಕವಿಲ್ಲ. ಪತ್ರಿಕೋದ್ಯಮ ವಿಭಾಗದ ಅಧ್ಯಾಪಕರೊಬ್ಬರು ಹೆಚ್ಚುವರಿ ಹೊಣೆಯಾಗಿ ನೋಡಿಕೊಳ್ಳುತ್ತಾರೆ. ಪ್ರಸಾರಾಂಗಕ್ಕೆ ಬೇರೆ ನಿರ್ದೇಶಕರು, ವೆಬ್‌ಸೈಟಿಗೆ ಕಂಪ್ಯೂಟರ್ ಕೇಂದ್ರ, ಪ್ರವೇಶಾತಿ ಪ್ರಕಟಣೆಗೆ ಶೈಕ್ಷಣಿಕ ಶಾಖೆ, ಫಲಿತಾಂಶಕ್ಕೆ ಪರೀಕ್ಷಾಂಗ. ಹೀಗಾಗಿ ಒಂದೇ ವಿಷಯದ ಬಗ್ಗೆ ವೆಬ್‌ಸೈಟ್ ಒಂದು ದಿನಾಂಕ ಹೇಳಿ, ಸುತ್ತೋಲೆ ಇನ್ನೊಂದು ಹೇಳುವುದು ಅಪರೂಪವಲ್ಲ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಹಣದ ಬಲ ಇರುವುದು ಪ್ರವೇಶಾತಿ ಮತ್ತು ಮಾರ್ಕೆಟಿಂಗ್ ವಿಭಾಗಕ್ಕೆ. ಸಂಶೋಧನೆಯ ಸುದ್ದಿ ಬರೆಯುವವರು ಅಲ್ಲಿ ಕಡಿಮೆ.

ಮಾಧ್ಯಮ ಸಂಪರ್ಕ

ಇದರ ಮುಖ್ಯ ಸಾಧನ ಪತ್ರಿಕಾ ಪ್ರಕಟಣೆ. ಭಾರತದಲ್ಲಿ ಇದರ ಬಹುಪಾಲು ಕಾರ್ಯಕ್ರಮಗಳ ಸುದ್ದಿ: ವಿಚಾರ ಸಂಕಿರಣದ ಉದ್ಘಾಟನೆ, ಒಡಂಬಡಿಕೆಗೆ ಸಹಿ, ಜಯಂತಿ ಆಚರಣೆ. ಛಾಯಾಚಿತ್ರದಲ್ಲಿ ವೇದಿಕೆಯ ಮೇಲೆ ದೀಪ ಬೆಳಗುವ ಗಣ್ಯರು. ಹೆಸರುಗಳು ಹುದ್ದೆಯ ಹಿರಿತನದ ಸರದಿಯಲ್ಲಿ. ವರದಿಗಾರನಿಗೆ ಬೇಕಾದ ವಿಷಯ ಕೊನೆಯ ಸಾಲಿನಲ್ಲಿರುವುದೂ ಉಂಟು.

ವರ್ಷದ ದೊಡ್ಡ ಸಂದರ್ಭ ಘಟಿಕೋತ್ಸವ. ಅದಕ್ಕೆ ಒಂದೆರಡು ದಿನ ಮುಂಚೆ ಕುಲಪತಿಗಳು ಪತ್ರಿಕಾಗೋಷ್ಠಿ ಕರೆಯುತ್ತಾರೆ, ಇಬ್ಬರು ಕುಲಸಚಿವರೂ ಪಕ್ಕದಲ್ಲಿರುತ್ತಾರೆ. ಹಂಚುವ ಟಿಪ್ಪಣಿಯ ಕ್ರಮ ಬಹುತೇಕ ಸ್ಥಿರ: ಪದವಿ ಪಡೆಯುವವರ ಒಟ್ಟು ಸಂಖ್ಯೆ, ಅವರಲ್ಲಿ ಮಹಿಳೆಯರೆಷ್ಟು, ಪಿಎಚ್‌.ಡಿ ಪಡೆದವರು, ಚಿನ್ನದ ಪದಕ ಮತ್ತು ನಗದು ಬಹುಮಾನಗಳು, ಗೌರವ ಡಾಕ್ಟರೇಟ್‌ಗೆ ಆಯ್ಕೆಯಾದವರು, ಘಟಿಕೋತ್ಸವ ಭಾಷಣ ಮಾಡುವವರು. ಹೆಚ್ಚು ಪದಕ ಗಳಿಸಿದವರ ಪಟ್ಟಿಯನ್ನು ಪಿಆರ್‌ಒ ಮೊದಲೇ ಸಿದ್ಧಮಾಡಿಟ್ಟುಕೊಳ್ಳುತ್ತಾರೆ. ಅವರಲ್ಲಿ ಕೂಲಿ ಕಾರ್ಮಿಕರ, ಆಟೊ ಚಾಲಕರ, ಸಣ್ಣ ರೈತರ ಮಕ್ಕಳಿದ್ದರೆ ಮರುದಿನದ ಪತ್ರಿಕೆಗಳಲ್ಲಿ ಭಾಷಣಕ್ಕಿಂತ ಅವರ ಚಿತ್ರಕ್ಕೆ ಹೆಚ್ಚು ಜಾಗ. ವಿಶ್ವವಿದ್ಯಾಲಯದ ಬಗ್ಗೆ ವರ್ಷದಲ್ಲಿ ಬರುವ ಒಳ್ಳೆಯ ಸುದ್ದಿಗಳಲ್ಲಿ ಇದೇ ಮೊದಲನೆಯದು, ಅದಕ್ಕೆ ಜಾಹೀರಾತಿನ ಖರ್ಚೂ ಇಲ್ಲ. ಅದೇ ಪತ್ರಿಕಾಗೋಷ್ಠಿ ಖಾಲಿ ಹುದ್ದೆ, ಪಿಂಚಣಿ ಬಾಕಿ, ತಡವಾದ ಅಂಕಪಟ್ಟಿಗಳ ಪ್ರಶ್ನೆಗಳತ್ತ ತಿರುಗುವುದೂ ವಾಡಿಕೆ. ಆ ಅಂಕಿಅಂಶಗಳನ್ನು ಸಿದ್ಧಮಾಡಿಕೊಂಡು ಬಾರದ ಕುಲಪತಿಗೆ ಮರುದಿನದ ತಲೆಬರಹ ಕಹಿಯಾಗಿರುತ್ತದೆ.

ಚುನಾವಣೆ, ಬಜೆಟ್, ಬರಗಾಲ, ಸಾಂಕ್ರಾಮಿಕ ರೋಗದಂತಹ ಸಂದರ್ಭದಲ್ಲಿ ಮಾತನಾಡಬಲ್ಲ ಅಧ್ಯಾಪಕರನ್ನು ಮಾಧ್ಯಮಗಳಿಗೆ ಪರಿಚಯಿಸುವುದು ಇನ್ನೊಂದು ಕೆಲಸ. ಹೊರದೇಶಗಳಲ್ಲಿ ಇದಕ್ಕೆ ತಜ್ಞರ ಪಟ್ಟಿಗಳಿವೆ. ಅಧ್ಯಾಪಕರೇ ಬರೆದು, ಪತ್ರಕರ್ತರು ತಿದ್ದಿ ಪ್ರಕಟಿಸುವ ‘ದ ಕಾನ್ವರ್ಸೇಶನ್’ ತಾಣ 2011ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದೆ. ಕರ್ನಾಟಕದಲ್ಲಿ ಅಧ್ಯಾಪಕರು ಪತ್ರಿಕೆಗಳಿಗೆ ಬರೆಯುವ ಪರಂಪರೆ ಹಳೆಯದೇ ಆದರೂ ಅದು ವ್ಯಕ್ತಿಗಳ ಪರಿಚಯದ ಮೇಲೆ ನಡೆಯುತ್ತದೆ. ಸಂಪರ್ಕ ಕಚೇರಿಯ ಪಾತ್ರ ಅದರಲ್ಲಿ ಅಲ್ಪ.

ಸಂಶೋಧನೆಯ ಸುದ್ದಿ

ಈ ಕ್ಷೇತ್ರದ ಅತ್ಯಂತ ಸೂಕ್ಷ್ಮ ಭಾಗ ಇದು. ವಿಜ್ಞಾನ ನಿಯತಕಾಲಿಕಗಳು ಲೇಖನವನ್ನು ಪ್ರಕಟಣೆಗೆ ಮುಂಚೆ ವರದಿಗಾರರಿಗೆ ಕೊಟ್ಟು, ಗೊತ್ತುಪಡಿಸಿದ ಗಳಿಗೆಯವರೆಗೆ ಸುದ್ದಿ ಮಾಡದಂತೆ ತಡೆಹಿಡಿಯುತ್ತವೆ. ಈ ತಡೆಗೆ ಎಂಬಾರ್ಗೊ ಎನ್ನುತ್ತಾರೆ. ವಿಶ್ವವಿದ್ಯಾಲಯಗಳ ಪತ್ರಿಕಾ ಪ್ರಕಟಣೆಗಳು ಆ ವೇಳಾಪಟ್ಟಿಗೆ ಹೊಂದಿಕೊಂಡು, ಅಮೆರಿಕದ ವಿಜ್ಞಾನ ಪ್ರಗತಿ ಸಂಘ 1996ರಲ್ಲಿ ಆರಂಭಿಸಿದ ‘ಯುರೇಕಅಲರ್ಟ್’ನಂತಹ ಸೇವೆಗಳ ಮೂಲಕ ಹೋಗುತ್ತವೆ.

ಈ ಕ್ರಮವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಯೂಟಾ ವಿಶ್ವವಿದ್ಯಾಲಯದ ಪ್ರಕರಣ ಪ್ರಸಿದ್ಧ. 1989ರ ಮಾರ್ಚ್ 23ರಂದು ಸ್ಟ್ಯಾನ್ಲಿ ಪಾನ್ಸ್ ಮತ್ತು ಮಾರ್ಟಿನ್ ಫ್ಲೈಶ್‌ಮನ್ ಕೋಣೆಯ ಉಷ್ಣತೆಯಲ್ಲೇ ಬೈಜಿಕ ಸಮ್ಮಿಳನ ಸಾಧಿಸಿದ್ದಾಗಿ ವಿಶ್ವವಿದ್ಯಾಲಯ ಕರೆದ ಪತ್ರಿಕಾಗೋಷ್ಠಿಯಲ್ಲಿ ಘೋಷಿಸಿದರು. ಲೇಖನ ಆಗಿನ್ನೂ ಪ್ರಕಟವಾಗಿರಲಿಲ್ಲ. ನೆರೆಯ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಸಮಾನ ಕೆಲಸ ನಡೆದಿದ್ದರಿಂದ ಮೊದಲಿಗರಾಗುವ ಅವಸರವಿತ್ತು, ಪೇಟೆಂಟಿನ ಆಸೆಯೂ ಇತ್ತು. ಬೇರೆ ಪ್ರಯೋಗಾಲಯಗಳಲ್ಲಿ ಆ ಫಲಿತಾಂಶ ಸ್ಥಿರಪಡಲಿಲ್ಲ. ಕೆಲವೇ ತಿಂಗಳಲ್ಲಿ ವಿಜ್ಞಾನ ಲೋಕ ಅದನ್ನು ತಳ್ಳಿಹಾಕಿತು.

ಉತ್ಪ್ರೇಕ್ಷೆ ಪತ್ರಕರ್ತರದೋ ವಿಶ್ವವಿದ್ಯಾಲಯಗಳದೋ ಎಂಬ ಹಳೆಯ ವಾದಕ್ಕೆ ಕಾರ್ಡಿಫ್ ವಿಶ್ವವಿದ್ಯಾಲಯದ ಪೆಟ್ರಾಕ್ ಸಮ್ನರ್ ಮತ್ತು ಸಂಗಡಿಗರು 2014ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಳೆದ ಉತ್ತರ ಕೊಟ್ಟರು. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ 462 ಆರೋಗ್ಯ ಸಂಬಂಧಿ ಪ್ರಕಟಣೆಗಳನ್ನು ಅವರು ಮೂಲ ಲೇಖನ ಮತ್ತು ಪತ್ರಿಕಾ ವರದಿಗಳೊಡನೆ ಹೋಲಿಸಿದರು. ಶೇ. 40ರಷ್ಟು ಪ್ರಕಟಣೆಗಳಲ್ಲಿ ಮೂಲದಲ್ಲಿಲ್ಲದಷ್ಟು ನೇರವಾದ ಸಲಹೆಯಿತ್ತು. ಶೇ. 33ರಲ್ಲಿ ಬರೀ ಸಹಸಂಬಂಧವನ್ನು ಕಾರಣವೆಂದು ಹೇಳಲಾಗಿತ್ತು. ಶೇ. 36ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಅತಿಯಾಗಿ ಅನ್ವಯಿಸಲಾಗಿತ್ತು. ಪ್ರಕಟಣೆಯಲ್ಲಿ ಉತ್ಪ್ರೇಕ್ಷಿತ ಸಲಹೆ ಇದ್ದಾಗ ಸುದ್ದಿಗಳಲ್ಲಿ ಶೇ. 58ರಷ್ಟು ಅದನ್ನೇ ಹೊತ್ತು ತಂದಿದ್ದವು. ಇಲ್ಲದಿದ್ದಾಗ ಆ ಪ್ರಮಾಣ ಶೇ. 17. ಅಂದರೆ ತಪ್ಪು ಬಹಳ ಸಲ ಸುದ್ದಿಮನೆಗೆ ಬರುವ ಮುಂಚೆಯೇ, ವಿಶ್ವವಿದ್ಯಾಲಯದ ಕಚೇರಿಯಲ್ಲೇ ಹುಟ್ಟಿರುತ್ತದೆ.

ಭಾರತದಲ್ಲಿ ಸಂಶೋಧನಾ ಸುದ್ದಿಗೆಂದೇ ಸಿಬ್ಬಂದಿ ಇರುವುದು ಕೆಲವೇ ಸಂಸ್ಥೆಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸಂವಹನ ಕಚೇರಿ ನಡೆಸಿ ‘ಕನೆಕ್ಟ್’ ಎಂಬ ನಿಯತಕಾಲಿಕ ಹೊರತರುತ್ತದೆ. ವರ್ಷಕ್ಕೊಮ್ಮೆ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುವ ಅದರ ಮುಕ್ತ ದಿನಕ್ಕೆ ನಗರದ ಶಾಲಾಮಕ್ಕಳು ಸಾಲುಗಟ್ಟಿ ಬರುತ್ತಾರೆ.

ಪ್ರವೇಶಾತಿ ಪ್ರಚಾರ ಮತ್ತು ಮಾರ್ಕೆಟಿಂಗ್

ಮಾರ್ಕೆಟಿಂಗ್ ಯೋಜನೆಯ ಹಂತಗಳು ಎಲ್ಲೆಡೆ ಸುಮಾರಾಗಿ ಒಂದೇ. ಯಾವ ಊರಿನ, ಯಾವ ವರ್ಗದ ವಿದ್ಯಾರ್ಥಿಗಳು ಬರುತ್ತಿದ್ದಾರೆ ಎಂದು ಲೆಕ್ಕಹಾಕುವುದು, ಪೈಪೋಟಿಯ ಸಂಸ್ಥೆಗಳಿಗಿಂತ ತನ್ನಲ್ಲಿ ಬೇರೆ ಏನಿದೆ ಎಂದು ತೀರ್ಮಾನಿಸುವುದು, ವಿಚಾರಣೆಯಿಂದ ಅರ್ಜಿ, ಅರ್ಜಿಯಿಂದ ಪ್ರವೇಶದವರೆಗೆ ಪ್ರತಿ ಹೆಜ್ಜೆಯಲ್ಲಿ ಎಷ್ಟು ಜನ ಉಳಿದರು ಎಂದು ಗಮನಿಸುವುದು.

ಕರ್ನಾಟಕದಲ್ಲಿ ಈ ಪೈಪೋಟಿಯ ಋತು ದ್ವಿತೀಯ ಪಿಯುಸಿ ಪರೀಕ್ಷೆಯಿಂದ ಸಿಇಟಿ ಸೀಟು ಹಂಚಿಕೆಯವರೆಗೆ. ಸರ್ಕಾರಿ ಕೋಟಾದ ವೃತ್ತಿಪರ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವುದರಿಂದ ಅಲ್ಲಿ ವಿಶ್ವವಿದ್ಯಾಲಯ ನೇರವಾಗಿ ಆರಿಸುವಂತಿಲ್ಲ. ಆದರೆ ಆಯ್ಕೆ ಪಟ್ಟಿಯಲ್ಲಿ ವಿದ್ಯಾರ್ಥಿ ಯಾವ ಕಾಲೇಜನ್ನು ಮೇಲೆ ಬರೆಯುತ್ತಾನೆ ಎಂಬುದು ಪ್ರಚಾರದ ಮೇಲೂ ನಿಂತಿದೆ. ಆ ತಿಂಗಳುಗಳಲ್ಲಿ ದಿನಪತ್ರಿಕೆಗಳ ಮುಖಪುಟದ ಹೊದಿಕೆ ಜಾಹೀರಾತು, ಹೆದ್ದಾರಿಯ ಹೋರ್ಡಿಂಗ್, ಬಸ್ಸುಗಳ ಹಿಂಬದಿ, ಪತ್ರಿಕಾ ಸಂಸ್ಥೆಗಳೇ ನಡೆಸುವ ಶಿಕ್ಷಣ ಮೇಳಗಳು ತುಂಬಿಹೋಗುತ್ತವೆ. ಮೇಳದ ಮಳಿಗೆಯಲ್ಲಿ ತಂದೆತಾಯಿ ಕೇಳುವುದು ಹೆಚ್ಚಾಗಿ ಮೂರೇ ವಿಷಯ: ಫೀಸು ಎಷ್ಟು, ಹಾಸ್ಟೆಲ್ ಇದೆಯೇ, ಕ್ಯಾಂಪಸ್ ಆಯ್ಕೆಗೆ ಯಾವ ಕಂಪನಿಗಳು ಬರುತ್ತವೆ. ಹೆಸರು, ಮೊಬೈಲ್ ಸಂಖ್ಯೆ ಬರೆದುಕೊಟ್ಟವರಿಗೆ ಆ ಸಂಜೆಯಿಂದಲೇ ಕರೆಗಳು ಶುರು.

ಸಾರ್ವಜನಿಕ ವಿಶ್ವವಿದ್ಯಾಲಯಗಳು ಇದರಿಂದ ಬಹುಕಾಲ ದೂರವಿದ್ದವು. ಪ್ರವೇಶ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಟೆಂಡರ್ ಪ್ರಕಟಣೆಯ ಭಾಷೆಯಲ್ಲೇ ಕೊಡುವುದು ರೂಢಿ: ಅಧಿಸೂಚನೆ ಸಂಖ್ಯೆ, ಕೊನೆಯ ದಿನಾಂಕ, ದಂಡಶುಲ್ಕ, ಕುಲಸಚಿವರ ಸಹಿ. ಸ್ನಾತಕೋತ್ತರ ವಿಭಾಗಗಳಲ್ಲಿ ಸೀಟುಗಳು ಉಳಿಯತೊಡಗಿದ ಮೇಲೆ ಅಧ್ಯಾಪಕರೇ ಪದವಿ ಕಾಲೇಜುಗಳಿಗೆ ಹೋಗಿ ಕೋರ್ಸುಗಳ ಪರಿಚಯ ಮಾಡಿಕೊಡುವ ಪದ್ಧತಿ ಕೆಲವೆಡೆ ಬಂದಿದೆ.

ಹೆಸರು ಮತ್ತು ಲಾಂಛನ

ಬ್ರ್ಯಾಂಡ್ ಎಂಬ ಮಾತಿಗೆ ಇಲ್ಲಿ ಸಂಸ್ಥೆಯ ಹೆಸರು, ಲಾಂಛನ, ಬಣ್ಣ, ಅಕ್ಷರಶೈಲಿ ಮತ್ತು ಅವುಗಳಿಂದ ಜನರ ಮನಸ್ಸಿನಲ್ಲಿ ಮೂಡುವ ಭಾವ ಎಂಬ ಅರ್ಥವಿದೆ. ಇವನ್ನು ಬದಲಿಸುವುದು ಅಪಾಯದ ಕೆಲಸ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 2012ರಲ್ಲಿ ತಂದ ಹೊಸ ಲಾಂಛನವನ್ನು 50,000ಕ್ಕೂ ಹೆಚ್ಚು ಜನ ಸಹಿಹಾಕಿ ವಿರೋಧಿಸಿದ್ದರಿಂದ ಡಿಸೆಂಬರಿನಲ್ಲಿ ಕೈಬಿಡಬೇಕಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜು ತನ್ನ ಹೆಸರಿನಿಂದ ‘ಕಾಲೇಜು’ ಪದವನ್ನು ಬಿಡಲು 2014ರ ಕೊನೆಯಲ್ಲಿ ಹೊರಟು, ಹಳೆಯ ವಿದ್ಯಾರ್ಥಿಗಳ ಪ್ರತಿಭಟನೆಯ ಬಳಿಕ 2015ರ ಜನವರಿಯಲ್ಲಿ ಹಿಂದೆ ಸರಿಯಿತು.

ಭಾರತದಲ್ಲಿ ಹೆಸರಿನ ಪ್ರಶ್ನೆ ಕಾನೂನಿನದೂ ಹೌದು. ಡೀಮ್ಡ್ ಸಂಸ್ಥೆಗಳು ‘ವಿಶ್ವವಿದ್ಯಾಲಯ’ ಎಂಬ ಪದವನ್ನು ಹೆಸರಿನಲ್ಲಿ ಬಳಸದಂತೆ ನೋಡಿಕೊಳ್ಳಬೇಕೆಂದು 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ (ಯುಜಿಸಿ) ಸೂಚಿಸಿತು. ಅದರಂತೆ ಮಣಿಪಾಲ ವಿಶ್ವವಿದ್ಯಾಲಯ ಎಂದು ಪ್ರಸಿದ್ಧವಾಗಿದ್ದ ಸಂಸ್ಥೆ ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಎಂಬ ಹೆಸರಿಗೆ ಮರಳಿತು. ಬೆಂಗಳೂರಿನ ಕ್ರೈಸ್ಟ್ ತನ್ನ ಹೆಸರಿನ ಮುಂದೆ ‘ಡೀಮ್ಡ್ ಟು ಬಿ ಯೂನಿವರ್ಸಿಟಿ’ ಎಂದು ಆವರಣ ಚಿಹ್ನೆಯೊಳಗೆ ಬರೆಯುತ್ತಿದೆ. ವೆಬ್ ವಿಳಾಸ, ಪದವಿ ಪತ್ರ, ಕಟ್ಟಡದ ಫಲಕ, ಬಸ್ಸಿನ ಬರಹ ಎಲ್ಲವನ್ನೂ ಏಕಕಾಲಕ್ಕೆ ಬದಲಿಸಬೇಕಾದ ಇಂತಹ ಸಂದರ್ಭದಲ್ಲಿ ಸಂವಹನ ವಿಭಾಗದ ಸಾಮರ್ಥ್ಯ ಬಯಲಾಗುತ್ತದೆ.

ರ‍್ಯಾಂಕಿಂಗ್ ಮತ್ತು ಮಾನ್ಯತೆ

‘ಯುಎಸ್ ನ್ಯೂಸ್’ ಪತ್ರಿಕೆ 1983ರಲ್ಲಿ ಅಮೆರಿಕದ ಕಾಲೇಜುಗಳಿಗೆ ಶ್ರೇಯಾಂಕ ಕೊಡತೊಡಗಿತು. ಜಾಗತಿಕ ಪಟ್ಟಿಗಳು 2003ರಲ್ಲಿ ಶಾಂಘೈನಿಂದ, 2004ರಲ್ಲಿ ಟೈಮ್ಸ್ ಹೈಯರ್ ಎಜುಕೇಶನ್ ಮತ್ತು ಕ್ಯೂಎಸ್‌ಗಳಿಂದ ಜಂಟಿಯಾಗಿ ಆರಂಭವಾದವು. ಭಾರತ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನ್ಯಾಕ್ 1994ರಲ್ಲಿ ಸ್ಥಾಪನೆಯಾಯಿತು. ಅದು ಕೊಡುವುದು ಶ್ರೇಯಾಂಕವಲ್ಲ, ಮಾನ್ಯತೆಯ ದರ್ಜೆ. ಜಾಹೀರಾತುಗಳಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುವುದರಿಂದ ಓದುಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಸಂವಹನ ವಿಭಾಗಕ್ಕೆ ಈ ಪಟ್ಟಿಗಳಲ್ಲಿ ನೇರ ಸಂಬಂಧವಿರುವುದು ಖ್ಯಾತಿಯ ಅಂಶದಲ್ಲಿ. ಎನ್‌ಐಆರ್‌ಎಫ್‌ನಲ್ಲಿ ಜನಾಭಿಪ್ರಾಯಕ್ಕೆ ಶೇ. 10ರ ತೂಕವಿದೆ. ಕ್ಯೂಎಸ್ ಪಟ್ಟಿಯಲ್ಲಿ ವಿದ್ವಾಂಸರ ಅಭಿಪ್ರಾಯಕ್ಕೆ ಬಹುಕಾಲ ಶೇ. 40 ಇದ್ದು, 2024ರ ಆವೃತ್ತಿಯಿಂದ ಶೇ. 30 ಆಗಿದೆ. ಶಾಂಘೈ ಪಟ್ಟಿ ಅಭಿಪ್ರಾಯ ಸಂಗ್ರಹವನ್ನೇ ಮಾಡುವುದಿಲ್ಲ. ವಿಧಾನ ಪಾರದರ್ಶಕವಾಗಿಲ್ಲ ಎಂದು 2020ರಲ್ಲಿ ಏಳು ಐಐಟಿಗಳು ಟೈಮ್ಸ್ ಪಟ್ಟಿಯಿಂದ ದೂರ ಉಳಿದವು. ಕೊಲಂಬಿಯ ವಿಶ್ವವಿದ್ಯಾಲಯ ಯುಎಸ್ ನ್ಯೂಸ್‌ಗೆ ಕೊಟ್ಟ ಅಂಕಿಅಂಶಗಳನ್ನು 2022ರಲ್ಲಿ ಅಲ್ಲಿನ ಗಣಿತ ಪ್ರಾಧ್ಯಾಪಕ ಮೈಕೆಲ್ ತ್ಯಾಡ್ಡಿಯಸ್ ಪ್ರಶ್ನಿಸಿದರು. ಆ ವರ್ಷ ಅದರ ಸ್ಥಾನ 2ರಿಂದ 18ಕ್ಕೆ ಇಳಿಯಿತು.

ಬಿಕ್ಕಟ್ಟಿನ ಸಂವಹನ

2007ರ ಏಪ್ರಿಲ್ 16ರಂದು ವರ್ಜಿನಿಯ ಟೆಕ್ ಆವರಣದಲ್ಲಿ ನಡೆದ ಗುಂಡಿನ ದಾಳಿಯಲ್ಲಿ 32 ಜನ ಹತರಾದರು. ಬೆಳಿಗ್ಗೆ 7.15ರ ಮೊದಲ ಘಟನೆಯ ಬಳಿಕ ಆವರಣದವರಿಗೆ ಮೊದಲ ಇ-ಮೇಲ್ ಹೋದದ್ದು 9.26ಕ್ಕೆ. ಆ ಎರಡು ಗಂಟೆಗಳ ವಿಳಂಬ ತೀವ್ರ ವಿಮರ್ಶೆಗೆ ಗುರಿಯಾಯಿತು. 2008ರ ಅಮೆರಿಕದ ಕಾನೂನು ತುರ್ತು ಸೂಚನೆಯನ್ನು ತಡಮಾಡದೆ ಕಳಿಸುವುದನ್ನು ಕಡ್ಡಾಯ ಮಾಡಿತು. ಇಂದು ಅಲ್ಲಿನ ಬಹುತೇಕ ಆವರಣಗಳಲ್ಲಿ ಮೊಬೈಲ್ ಸಂದೇಶದ ವ್ಯವಸ್ಥೆ ಇದೆ.

ಭಾರತದ ವಿಶ್ವವಿದ್ಯಾಲಯಗಳ ಬಿಕ್ಕಟ್ಟುಗಳು ಹೆಚ್ಚಾಗಿ ಪರೀಕ್ಷೆಯ ಸುತ್ತ: ಪ್ರಶ್ನೆಪತ್ರಿಕೆ ಸೋರಿಕೆ, ಮೌಲ್ಯಮಾಪನದ ದೋಷ, ಫಲಿತಾಂಶದ ತಡ. ಮಳೆಗಾಲದಲ್ಲಿ ಪರೀಕ್ಷೆ ಮುಂದೂಡಿದ ನಕಲಿ ಸುತ್ತೋಲೆಗಳು ಹಳೆಯ ಸಹಿ, ಮೊಹರಿನೊಡನೆ ವಾಟ್ಸ್‌ಆ್ಯಪ್‌ನಲ್ಲಿ ಹರಡುತ್ತವೆ. ಅವನ್ನು ಅಲ್ಲಗಳೆಯುವ ಪ್ರಕಟಣೆ ವೆಬ್‌ಸೈಟಿಗೆ ಬರುವಷ್ಟರಲ್ಲಿ ಹಾಸ್ಟೆಲಿನ ಅರ್ಧ ಜನ ಊರಿನ ಬಸ್ಸು ಹತ್ತಿರುವುದೂ ಉಂಟು.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಕರಣ ಬೇರೆ ಬಗೆಯದು. ವ್ಯಾಪ್ತಿ ಮೀರಿ, ರಾಜ್ಯದ ಹೊರಗಿನ ಸಹಭಾಗಿ ಸಂಸ್ಥೆಗಳ ಮೂಲಕ ಕೋರ್ಸುಗಳನ್ನು ನಡೆಸಿದ ಕಾರಣಕ್ಕೆ 2012–13ರ ನಂತರದ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. 2018ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ಬೇಕಾಗಿದ್ದದ್ದು ತಮ್ಮ ಪದವಿ ನೌಕರಿಗೆ ನಡೆಯುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ. ಅದು ಯಾವ ಸಂಪರ್ಕಾಧಿಕಾರಿಯ ಕೈಯಲ್ಲೂ ಇರಲಿಲ್ಲ.

ಕಾನೂನು ಮತ್ತು ನಿಯಂತ್ರಣ

ಮಾಹಿತಿ ಹಕ್ಕು ಕಾಯ್ದೆ, 2005ರ 4ನೆಯ ಸೆಕ್ಷನ್ ಪ್ರಕಾರ ಸಾರ್ವಜನಿಕ ವಿಶ್ವವಿದ್ಯಾಲಯಗಳು ತಮ್ಮ ರಚನೆ, ಅಧಿಕಾರ, ಬಜೆಟ್ ಮುಂತಾದ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ, ನೂರಕ್ಕೆ ನೂರು ಉದ್ಯೋಗದ ಭರವಸೆಯನ್ನೂ ಆಧಾರವಿಲ್ಲದ ‘ನಂಬರ್ ಒನ್’ ಪಟ್ಟವನ್ನೂ ಒಪ್ಪುವುದಿಲ್ಲ. ಬ್ರಿಟನ್ನಿನಲ್ಲೂ ಇದೇ ರೋಗ: 2017ರ ನವೆಂಬರಿನಲ್ಲಿ ಅಲ್ಲಿನ ಜಾಹೀರಾತು ಪ್ರಾಧಿಕಾರ ಆರು ವಿಶ್ವವಿದ್ಯಾಲಯಗಳ ಹಿರಿಮೆಯ ಘೋಷಣೆಗಳನ್ನು ಒಂದೇ ದಿನ ತಳ್ಳಿಹಾಕಿತು. ಮಾನ್ಯತೆಯಿಲ್ಲದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಪ್ರವೇಶದ ಋತುವಿನಲ್ಲಿ ಪತ್ರಿಕೆಗಳ ಮೂಲಕ ತಿಳಿಸುತ್ತದೆ.

ಇಂದಿನ ಸ್ಥಿತಿ

ಪತ್ರಿಕೆಗಳಲ್ಲಿ ಶಿಕ್ಷಣಕ್ಕೆಂದೇ ಮೀಸಲಾದ ವರದಿಗಾರರು ಕಡಿಮೆಯಾದಂತೆ ವಿಶ್ವವಿದ್ಯಾಲಯಗಳು ತಾವೇ ವಿಡಿಯೊ, ಪಾಡ್‌ಕಾಸ್ಟ್, ಸಾಮಾಜಿಕ ಜಾಲತಾಣಗಳ ಮೂಲಕ ಸುದ್ದಿ ಕೊಡುತ್ತಿವೆ. ಪದವಿ ವಿದ್ಯಾರ್ಥಿಯನ್ನು ಮೊದಲು ತಲುಪುವುದು ಇನ್‌ಸ್ಟಾಗ್ರಾಮ್ ಮತ್ತು ಯೂಟ್ಯೂಬ್, ತಂದೆತಾಯಿಯನ್ನು ತಲುಪುವುದು ದಿನಪತ್ರಿಕೆ. ದೊಡ್ಡ ಖಾಸಗಿ ಸಂಸ್ಥೆಗಳು ಎರಡಕ್ಕೂ ಬೇರೆಬೇರೆ ಸಾಮಗ್ರಿ ಸಿದ್ಧಪಡಿಸುತ್ತವೆ. ಅದರಲ್ಲಿ ಕನ್ನಡದ ಪಾಲು ಹೋರ್ಡಿಂಗ್ ಮತ್ತು ಪತ್ರಿಕಾ ಜಾಹೀರಾತಿಗೆ ಸೀಮಿತ. ವೆಬ್‌ಸೈಟಿನ ಕನ್ನಡ ಆವೃತ್ತಿ ಇದ್ದರೂ ಮುಖಪುಟ ದಾಟಿದರೆ ಇಂಗ್ಲಿಷಿಗೆ ಹೊರಳುವುದೇ ಹೆಚ್ಚು. ಪ್ರಸಾರಾಂಗಗಳಲ್ಲಿ ಹೊಸ ಪ್ರಕಟಣೆ ಅನುದಾನದ ಕೊರತೆಯಿಂದ ಇಳಿದಿದೆ. ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ ಬೇಡಿಕೆ ಮಾತ್ರ ಉಳಿದಿದೆ.

ವಿದೇಶಿ ವಿಶ್ವವಿದ್ಯಾಲಯಗಳು ಭಾರತದಲ್ಲಿ ಆವರಣ ತೆರೆಯಲು ಯುಜಿಸಿ 2023ರಲ್ಲಿ ನಿಯಮ ರೂಪಿಸಿತು. ಅದರಡಿ ಲಿವರ್‌ಪೂಲ್ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಆವರಣ ಆರಂಭಿಸಲು 2025ರಲ್ಲಿ ಒಪ್ಪಿಗೆ ಪಡೆದಿದೆ. ಈವರೆಗೆ ಏಜೆಂಟರು ಮತ್ತು ಹೋಟೆಲ್‌ಗಳಲ್ಲಿ ನಡೆಯುವ ಶಿಕ್ಷಣ ಮೇಳಗಳ ಮೂಲಕ ಇಲ್ಲಿನ ವಿದ್ಯಾರ್ಥಿಗಳನ್ನು ತಲುಪುತ್ತಿದ್ದ ಇಂತಹ ಸಂಸ್ಥೆಗಳು ಇನ್ನು ಮುಂದೆ ಇಲ್ಲಿನ ಖಾಸಗಿ ವಿಶ್ವವಿದ್ಯಾಲಯಗಳೊಡನೆ ಅದೇ ಪತ್ರಿಕೆಯ ಅದೇ ಪುಟದಲ್ಲಿ ಪೈಪೋಟಿಗೆ ನಿಲ್ಲಲಿವೆ.